ಗೋಡೆಯ ಮೇಲೆ ಕೂರದ ಸೊಳ್ಳೆ

ಸೇಲಂನಿಂದ ಧರ್ಮಪುರಿಗೆ ಹೋಗುವ ಹೆದ್ದಾರಿಯಲ್ಲಿ ಓಮಲೂರನ್ನು ದಾಟಿದ ಮೇಲೆ, ತೊಪ್ಪೂರು ಕಣಿವೆಯ ಏರಿಗೆ ಮೊದಲು, ಕಡಯಂಪಟ್ಟಿಯ ಸೀಮೆ ಎದುರಾಗುತ್ತದೆ. ಪೂರ್ವಕ್ಕೆ ಶೇರ್ವರಾಯನ್ ಬೆಟ್ಟಗಳ ಸಾಲು; ಬೆಟ್ಟದಿಂದ ಇಳಿದು ಬರುವ ಹಳ್ಳಗಳು ಮಳೆಗಾಲದಲ್ಲಿ ತುಂಬಿ ಹರಿದು, ಮಳೆ ನಿಂತ ಮೇಲೆ ಮರಳಿನ ನಡುವೆ ಸಣ್ಣ ಸಣ್ಣ ಗುಂಡಿಗಳಾಗಿ ಉಳಿದುಕೊಳ್ಳುತ್ತವೆ. ಅಲ್ಲಲ್ಲಿ ಆಳವಾದ ಕಲ್ಲುಬಾವಿಗಳು. ಬೀದಿಯಲ್ಲಿ ತಮಿಳು, ಕೆಲವು ಮನೆಗಳ ಒಳಗೆ ಕನ್ನಡ ಅಥವಾ ತೆಲುಗು. ಸೇಲಂ, ಧರ್ಮಪುರಿ ಜಿಲ್ಲೆಗಳ ಹಳ್ಳಿಗಾಡೆಲ್ಲ ಬಹುಮಟ್ಟಿಗೆ ಹೀಗೆಯೇ ಇದೆ. ಧರ್ಮಪುರಿಯು 1965ರವರೆಗೆ ಸೇಲಂ ಜಿಲ್ಲೆಯ ಭಾಗವೇ ಆಗಿದ್ದಿತು. ಅದಕ್ಕೂ ಹಿಂದೆ, 1792ರವರೆಗೆ, ಬಾರಾಮಹಲ್ ಎಂಬ ಹೆಸರಿನಲ್ಲಿ ಈ ಪ್ರದೇಶದ ಬಹುಭಾಗ ಶ್ರೀರಂಗಪಟ್ಟಣದ ಆಳ್ವಿಕೆಗೆ ಸೇರಿದ್ದಿತು. ಆಡಳಿತದ ಗಡಿಗಳು ಹೀಗೆ ಹಲವು ಸಲ ಬದಲಾದವು. ಸೊಳ್ಳೆಗೆ ಆ ಗಡಿಗಳ ಅರಿವಿಲ್ಲ.

ಈ ಕಡೆಯ ಹಿರಿಯರಿಗೆ ‘ಔಷಧಿ ಹೊಡೆಯುವವರು’ ಎಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಹಿಂದಿನ ದಿನ ಡಂಗುರ ಅಥವಾ ಸೂಚನೆ. ಮರುದಿನ ಬೆಳಗ್ಗೆ ಪಾತ್ರೆ, ಧಾನ್ಯ, ಹಾಸಿಗೆ, ತೊಟ್ಟಿಲು ಎಲ್ಲವೂ ಅಂಗಳಕ್ಕೆ. ಒಬ್ಬನು ಬಕೆಟ್ಟಿನಲ್ಲಿ ನಿಲ್ಲಿಸಿದ ಪಂಪನ್ನು ಕಾಲಿನಿಂದ ಒತ್ತಿಹಿಡಿದು ಕೈಯಿಂದ ಎಳೆಯುತ್ತಿದ್ದನು. ಇನ್ನೊಬ್ಬನು ಉದ್ದನೆಯ ಕೊಳವೆಯನ್ನು ಹಿಡಿದು ಗೋಡೆಯ ಮೇಲೆ, ಸೂರಿನ ಒಳಭಾಗದಲ್ಲಿ, ಬಾಗಿಲ ಹಿಂದೆ ಪಟ್ಟೆಪಟ್ಟೆಯಾಗಿ ಸಿಂಪಡಿಸುತ್ತಿದ್ದನು. ಕೆಲಸ ಮುಗಿದ ಮೇಲೆ ಬಾಗಿಲ ಪಕ್ಕದ ಗೋಡೆಯ ಮೇಲೆ ದಿನಾಂಕವೂ ಕೋಣೆಗಳ ಲೆಕ್ಕವೂ ಬೀಳುತ್ತಿದ್ದವು. ಗೋಡೆಯಲ್ಲಿ ಬಿಳಿಯ ಪುಡಿ, ಮೂಗಿನಲ್ಲಿ ಘಾಟು, ನೆಲದ ಮೇಲೆ ಸತ್ತ ಜಿರಲೆಗಳು. ಆಮೇಲೆ ಎರಡೂವರೆ ತಿಂಗಳು ಗೋಡೆಗೆ ಸಗಣಿ ಸಾರಿಸಬಾರದು, ಸುಣ್ಣ ಬಳಿಯಬಾರದು ಎಂಬ ಎಚ್ಚರಿಕೆ. ದೀಪಾವಳಿಯೋ ಪೊಂಗಲೋ ಯುಗಾದಿಯೋ ನಡುವೆ ಬಂದರೆ ಆ ಎಚ್ಚರಿಕೆಯನ್ನು ಪಾಲಿಸುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಆದರೆ ಔಷಧಿ ಹೊಡೆದ ಮನೆಯಲ್ಲಿಯೂ ಚಳಿಜ್ವರ ಬಂದುದುಂಟು. ಹಾಗೆ ಬಂದಾಗ ಔಷಧಿಯಲ್ಲಿ ಕಲಬೆರಕೆ ಎಂದು ಕೆಲವರು ಹೇಳಿದರು; ಕೆಲಸಗಾರರು ಸರಿಯಾಗಿ ಹೊಡೆಯಲಿಲ್ಲ ಎಂದು ಇನ್ನು ಕೆಲವರು. ಎರಡೂ ಕೆಲವೊಮ್ಮೆ ನಿಜವಿದ್ದೀತು. ಮೂರನೆಯ ಕಾರಣವೊಂದಿದೆ, ಅದು ಮನುಷ್ಯರ ತಪ್ಪಿಗೆ ಸೇರಿದುದಲ್ಲ. ಅದು ಸೊಳ್ಳೆಯ ಸ್ವಭಾವ.

ಮನೆಯ ಒಳಗೋಡೆಗೆ ಕೀಟನಾಶಕ ಸಿಂಪಡಿಸುವ ಉಪಾಯವೆಲ್ಲವೂ ಸೊಳ್ಳೆಯ ಒಂದೇ ಅಭ್ಯಾಸದ ಮೇಲೆ ನಿಂತಿದೆ. ಹೆಣ್ಣು ಅನಾಫಿಲಿಸ್ ಸೊಳ್ಳೆ ರಾತ್ರಿ ರಕ್ತ ಕುಡಿದ ಬಳಿಕ ತನ್ನ ತೂಕಕ್ಕಿಂತಲೂ ಹೆಚ್ಚಿನ ಭಾರವನ್ನು ಹೊತ್ತುಕೊಂಡು ದೂರ ಹಾರಲಾರದು. ಹತ್ತಿರದ ಕತ್ತಲೆಯ, ತಂಪಾದ, ಗಾಳಿಯಾಡದ ಮೂಲೆಯನ್ನು ಹುಡುಕಿ ಕುಳಿತು, ರಕ್ತವನ್ನು ಜೀರ್ಣಿಸಿಕೊಂಡು ಮೊಟ್ಟೆಗಳನ್ನು ಬಲಿಸಿಕೊಳ್ಳುತ್ತದೆ. ಇದಕ್ಕೆ ಎರಡರಿಂದ ಮೂರು ದಿನ ಬೇಕು. ನೀರಿನ ಮೇಲೆ ಮೊಟ್ಟೆಯಿಟ್ಟು ಮತ್ತೆ ರಕ್ತಕ್ಕಾಗಿ ಬರುತ್ತದೆ. ಆ ಕತ್ತಲೆಯ ಮೂಲೆಯೇ ಮನೆಯ ಗೋಡೆಯಾಗಿದ್ದರೆ, ಗೋಡೆಯ ಮೇಲೆ ವಿಷವಿದ್ದರೆ, ಅದರ ಕಾಲಿನ ಮೂಲಕ ವಿಷವು ದೇಹವನ್ನು ಸೇರುತ್ತದೆ.

ಇಲ್ಲಿ ಬಹುಮಂದಿ ತಪ್ಪು ತಿಳಿದುಕೊಂಡಿರುವ ಸಂಗತಿಯೊಂದಿದೆ. ಸಿಂಪರಣೆಯು ಕಚ್ಚುವುದನ್ನು ತಡೆಯುವ ಉಪಾಯವಲ್ಲ. ಬಹುಪಾಲು ಸೊಳ್ಳೆಗಳು ಕಚ್ಚಿದ ಮೇಲೆಯೇ ಗೋಡೆಗೆ ಹೋಗುತ್ತವೆ. ಅದರ ಗುರಿ ಸೊಳ್ಳೆಯ ಆಯುಷ್ಯ. ರೋಗಿಯ ರಕ್ತದಿಂದ ಸೊಳ್ಳೆಯ ಹೊಟ್ಟೆ ಸೇರಿದ ಮಲೇರಿಯಾ ರೋಗಾಣು ಬೆಳೆದು ಜೊಲ್ಲುಗ್ರಂಥಿಯನ್ನು ತಲುಪಲು ನಮ್ಮ ಹವೆಯಲ್ಲಿ ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಅಷ್ಟು ದಿನ ಬದುಕಿದ ಸೊಳ್ಳೆ ಮಾತ್ರ ಅಪಾಯಕಾರಿ. ಆ ಅವಧಿಯಲ್ಲಿ ಅದು ಕಡಿಮೆಯೆಂದರೂ ನಾಲ್ಕು ಸಲ ರಕ್ತ ಕುಡಿದು ವಿಶ್ರಮಿಸಬೇಕು. ಶಾಲೆಯ ಮಕ್ಕಳು ಹಲಗೆಯ ಮೇಲೆ ಲೆಕ್ಕ ಹಾಕಿ ನೋಡಬಹುದು: ರೋಗಾಣು ಹೊತ್ತ 1,600 ಸೊಳ್ಳೆಗಳಿವೆ ಎನ್ನೋಣ, ಪ್ರತಿ ವಿಶ್ರಾಂತಿಯಲ್ಲೂ ಗೋಡೆ ಅರ್ಧದಷ್ಟನ್ನು ಕೊಂದರೆ ನಾಲ್ಕನೆಯ ವಿಶ್ರಾಂತಿಯ ಕೊನೆಗೆ ಉಳಿಯುವುದು 100. ಅವೇ ಸೊಳ್ಳೆಗಳು ಎರಡು ಸಲಕ್ಕೊಮ್ಮೆ ಮನೆಯ ಹೊರಗೆ, ಪೊದೆಯಲ್ಲೋ ಬಾವಿಯ ಕಲ್ಲುಸಂದಿಯಲ್ಲೋ ಕುಳಿತುಬಿಟ್ಟರೆ, ಪ್ರತಿ ವಿಶ್ರಾಂತಿಯಲ್ಲಿ ಸಾಯುವುದು ಕಾಲುಭಾಗ ಮಾತ್ರ. ಆಗ ಉಳಿಯುವುದು 500ಕ್ಕೂ ಹೆಚ್ಚು. ವಿಷವೂ ಅದೇ, ಕೆಲಸಗಾರರ ಶ್ರದ್ಧೆಯೂ ಅದೇ. ಬದಲಾದುದು ಸೊಳ್ಳೆ ಕೂತ ಜಾಗ. 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಇಂಥ ಲೆಕ್ಕದಿಂದಲೇ, ಸೊಳ್ಳೆಯ ಸಂಖ್ಯೆಗಿಂತ ಅದರ ಆಯುಷ್ಯವನ್ನು ಕಡಿತಗೊಳಿಸುವುದು ಹೆಚ್ಚು ಫಲಕಾರಿ ಎಂದು ತೋರಿಸಿಕೊಟ್ಟನು. ಜಗತ್ತಿನ ಡಿ.ಡಿ.ಟಿ. ಯುಗಕ್ಕೆ ಗಣಿತದ ಆಧಾರ ದೊರೆತುದು ಅಲ್ಲಿ.

ಈ ಯುಗದ ಮೊದಲ ಪುಟಗಳಲ್ಲಿ ಕನ್ನಡನಾಡಿನ ಹೆಸರಿದೆ. 1946ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಯೊಳಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ವಿಸ್ತಾರವಾಗಿ ನಡೆಯಿತು. ಅವರೊಡನೆ ದುಡಿದ ಟಿ. ರಾಮಚಂದ್ರರಾಯರು ಮುಂದೆ ಭಾರತದ ಅನಾಫಿಲಿಸ್ ಸೊಳ್ಳೆಗಳನ್ನು ಕುರಿತು ಬರೆದ ಗ್ರಂಥ ಇಂದಿಗೂ ಈ ವಿಷಯದಲ್ಲಿ ಕೈದೀವಿಗೆ. ಮಲೆನಾಡಿನ ಆ ಸೀಮೆಯಲ್ಲಿ ಜ್ವರ ಹರಡುತ್ತಿದ್ದುದು ಅನಾಫಿಲಿಸ್ ಫ್ಲೂವಿಯಾಟಿಲಿಸ್; ತಿಳಿನೀರಿನ ತೊರೆಗಳಲ್ಲಿ ಹುಟ್ಟಿ ಮನೆಯೊಳಗೆ ಬಂದು ಮನುಷ್ಯರನ್ನೇ ಕಚ್ಚಿ ಅಲ್ಲಿಯೇ ಕೂರುತ್ತಿದ್ದ ಸೊಳ್ಳೆ. ಗೋಡೆಯ ವಿಷಕ್ಕೆ ಇದಕ್ಕಿಂತ ಸುಲಭವಾದ ಬೇಟೆ ಬೇರೆಯಿರಲಿಲ್ಲ. ಅಲ್ಲಿನ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೂ 1958ರ ನಿರ್ಮೂಲನ ಕಾರ್ಯಕ್ರಮಕ್ಕೂ ಧೈರ್ಯ ಕೊಟ್ಟಿತು. ಸ್ವಾತಂತ್ರ್ಯದ ವೇಳೆಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗುಲಿ ಎಂಟು ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. 1965ರಲ್ಲಿ ವರದಿಯಾದ ಪ್ರಕರಣಗಳು ಸುಮಾರು ಒಂದು ಲಕ್ಷ. ಆಮೇಲೆ ಏರಿಳಿತವೆಲ್ಲ ಏರಿಕೆಯೇ ಆಗಿ, 1976ರಲ್ಲಿ 64 ಲಕ್ಷ.

ಸೋಲಿಗೆ ಕಾರಣಗಳು ಹಲವು: ಹಣ, ಸರಬರಾಜು, ಗೆದ್ದೆವೆಂಬ ಮೈಮರೆವು. ಅದರೊಂದಿಗೆ, ಎಲ್ಲ ಸೊಳ್ಳೆಗಳೂ ಮಲೆನಾಡಿನ ಫ್ಲೂವಿಯಾಟಿಲಿಸ್‌ನಂತೆ ಅಲ್ಲ ಎಂಬುದು.

ಒಂದು ಹೆಸರು, ಹಲವು ಸೊಳ್ಳೆ

ಬಯಲುಸೀಮೆಯ ಮುಖ್ಯ ವಾಹಕ ಅನಾಫಿಲಿಸ್ ಕ್ಯುಲಿಸಿಫೇಸಿಸ್. ಸಣ್ಣದು, ಮಾಸಿದ ಕಂದುಬಣ್ಣದ್ದು, ಗುಂಯ್‌ಗುಡುವುದೂ ಕಡಿಮೆ. ಮರಳಿನ ಗುಂಡಿ, ಕಾಲುವೆಯ ಸೋರುನೀರು, ಬತ್ತದ ಗದ್ದೆ, ಬಾವಿ ಇವುಗಳಲ್ಲಿ ಹುಟ್ಟುತ್ತದೆ. ಇದರ ಮೊದಲ ಪ್ರೀತಿ ದನದ ರಕ್ತ. ಹಿಡಿದ ಸೊಳ್ಳೆಗಳ ಹೊಟ್ಟೆಯ ರಕ್ತವನ್ನು ಪರೀಕ್ಷಿಸಿದರೆ ಸಾಮಾನ್ಯವಾಗಿ ನೂರರಲ್ಲಿ ಕೆಲವು ಮಾತ್ರ ಮನುಷ್ಯನ ರಕ್ತ ಕುಡಿದಿರುತ್ತವೆ. ಇಷ್ಟು ಸೋಮಾರಿ ವಾಹಕವು ದೇಶದ ಹಳ್ಳಿಗಾಡಿನ ಮಲೇರಿಯಾದ ಬಹುಪಾಲಿಗೆ ಹೊಣೆಯಾದುದು ಅದರ ಸಂಖ್ಯೆಯ ಬಲದಿಂದ. ಮಳೆಯ ನಂತರ ಒಂದು ಕೊಟ್ಟಿಗೆಯಲ್ಲಿ ಅವು ಸಾವಿರಗಟ್ಟಲೆ ಇದ್ದಾಗ, ನೂರಕ್ಕೆ ಎರಡರ ಲೆಕ್ಕವೂ ಭಯಂಕರವೇ.

1980ರಲ್ಲಿ ಗ್ರೀನ್ ಮತ್ತು ಮೈಲ್ಸ್ ಎಂಬ ವಿಜ್ಞಾನಿಗಳು, ಕ್ಯುಲಿಸಿಫೇಸಿಸ್ ಎಂದು ಕರೆಯುತ್ತಿದ್ದುದು ಒಂದು ಸೊಳ್ಳೆಯಲ್ಲ ಎಂದು ತೋರಿಸಿದರು. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ವರ್ಣತಂತುಗಳ ಪಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಿದಾಗ ಮಾತ್ರ ‘ಎ’ ಮತ್ತು ‘ಬಿ’ ಎಂಬ ಎರಡು ಕುಲಗಳು, ತಮ್ಮೊಳಗೆ ಕೂಡದೆ, ಒಂದೇ ಕೊಟ್ಟಿಗೆಯಲ್ಲಿ ಅಕ್ಕಪಕ್ಕ ಕೂತಿರುವುದು ಕಂಡಿತು. ಡಾ. ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ‘ಸಿ’ಯನ್ನೂ ‘ಡಿ’ಯನ್ನೂ ಸೇರಿಸಿದರು. 1999ರಲ್ಲಿ ರಾಮೇಶ್ವರ ದ್ವೀಪದಿಂದ ‘ಇ’ ಪ್ರಕಟವಾಯಿತು. ಈ ಅವಳಿಜವಳಿಗಳ ನಡುವೆ ಸ್ವಭಾವದ ಅಂತರ ಬಹಳ. ‘ಬಿ’ಗೆ ದನವೇ ಸರ್ವಸ್ವ, ರೋಗಾಣು ಅದರ ದೇಹದಲ್ಲಿ ಸುಲಭವಾಗಿ ಬೆಳೆಯದು, ಮಲೇರಿಯಾ ಹರಡುವುದರಲ್ಲಿ ಅದರ ಪಾತ್ರ ಅತ್ಯಲ್ಪ. ‘ಎ’ ಹರಡುತ್ತದೆ. ‘ಇ’ ಬಲವಾಗಿ ಹರಡುತ್ತದೆ. ಡಿ.ಡಿ.ಟಿ.ಯನ್ನು ತಾಳಿಕೊಳ್ಳುವ ಶಕ್ತಿಯೂ ಒಂದೊಂದಕ್ಕೆ ಒಂದೊಂದು ಬಗೆ. ‘ಎ’ಗಿಂತ ‘ಬಿ’ ಹೆಚ್ಚು ತಾಳುತ್ತದೆ.

ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಬೇಕು. ಒಂದು ಊರಿನಲ್ಲಿ ಸಿಂಪರಣೆಯ ಬಳಿಕವೂ ಗೋಡೆಯ ಮೇಲೆ ಕ್ಯುಲಿಸಿಫೇಸಿಸ್ ಧಾರಾಳವಾಗಿ ಕಂಡರೆ, ‘ಔಷಧಿ ವ್ಯರ್ಥ’ ಎಂದು ಜನ ಹೇಳುವರು. ಕಾಣುತ್ತಿರುವುದೆಲ್ಲ ನಿರಪಾಯದ ‘ಬಿ’ಯಾಗಿದ್ದು, ಅಪಾಯದ ‘ಎ’ ಆಗಲೇ ಸತ್ತಿದ್ದಿರಬಹುದು. ಇನ್ನೊಂದೂರಿನಲ್ಲಿ ಗೋಡೆಯೆಲ್ಲ ಖಾಲಿ, ಆದರೂ ಮಕ್ಕಳಿಗೆ ಜ್ವರ. ಗೋಡೆಯನ್ನು ನೋಡಿ ರೋಗದ ತೀರ್ಪು ಕೊಡುವಂತಿಲ್ಲ.

ಫ್ಲೂವಿಯಾಟಿಲಿಸ್‌ನದೂ ಇದೇ ಕಥೆ. 1994ರಲ್ಲಿ ಅದರಲ್ಲಿ ‘ಎಸ್’, ‘ಟಿ’, ‘ಯು’ ಎಂಬ ಮೂರು ಕುಲಗಳನ್ನು ಗುರುತಿಸಲಾಯಿತು. ‘ಎಸ್’ ಮನುಷ್ಯರನ್ನು ಹುಡುಕಿ ಮನೆಗೆ ಬರುತ್ತದೆ. ಉಳಿದೆರಡು ಕೊಟ್ಟಿಗೆಯಲ್ಲಿಯೇ ತೃಪ್ತ. ಇನ್ನು ಪಟ್ಟಣದ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸೈ. ಇದರೊಂದಿಗೆ ಮೈಸೂರಿನ ಹೆಸರು ಶಾಶ್ವತವಾಗಿ ಅಂಟಿಕೊಂಡಿದೆ. 1937ರಲ್ಲಿ, ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಪರವಾಗಿ ದುಡಿಯುತ್ತಿದ್ದ ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್, ಈ ಸೊಳ್ಳೆಯ ಮೊಟ್ಟೆಯ ಎರಡು ಪಕ್ಕದಲ್ಲಿ ದೋಣಿಯ ತೇಲುಪಟ್ಟಿಯಂತೆ ಇರುವ ಭಾಗದ ಮೇಲಿನ ಏಣುಗಳನ್ನು ಎಣಿಸಿದರು. ಪಟ್ಟಣದ ಸೊಳ್ಳೆಯ ಮೊಟ್ಟೆಗಳಲ್ಲಿ ಏಣುಗಳು ಹೆಚ್ಚು, ಹಳ್ಳಿಯದರಲ್ಲಿ ಕಡಿಮೆ. ಹಳ್ಳಿಯ ಬಗೆಗೆ ‘ಮೈಸೂರೆನ್ಸಿಸ್’ ಎಂದು ಹೆಸರಿಟ್ಟರು. ಅದು ದನವನ್ನು ಕಚ್ಚುವ, ಹೆಚ್ಚು ಕೇಡು ಮಾಡದ ಬಗೆ. ಜಗತ್ತಿನ ಯಾವ ಮೂಲೆಯ ಪ್ರಯೋಗಾಲಯದಲ್ಲಾದರೂ ಈ ಸೊಳ್ಳೆಯ ಚರ್ಚೆ ಬಂದರೆ ಮೈಸೂರಿನ ಹೆಸರು ಬರುತ್ತದೆ. ರೇಷ್ಮೆ, ಗಂಧಗಳ ಜೊತೆಯಲ್ಲಿ ಇದನ್ನೂ ಸೇರಿಸಿಕೊಳ್ಳಲು ಯಾರಿಗೂ ಅಷ್ಟು ಉತ್ಸಾಹವಿರಲಾರದು.

ಪಿನಾಕಿನಿಯ ದಡದಲ್ಲಿ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರಿನ ಬಳಿ ತಮಿಳುನಾಡನ್ನು ಹೊಕ್ಕು ತೆನ್‌ಪೆಣ್ಣೈ ಎಂಬ ಹೆಸರು ಪಡೆದು, ಕೃಷ್ಣಗಿರಿ ಧರ್ಮಪುರಿಗಳನ್ನು ಹಾದು, ಸಾತನೂರು ಅಣೆಕಟ್ಟೆಯನ್ನು ದಾಟಿ ಕಡಲೂರಿನಲ್ಲಿ ಸಮುದ್ರ ಸೇರುತ್ತದೆ. ದೇಶವ್ಯಾಪಿ ಸಿಂಪರಣೆಯ ದಶಕಗಳು ಕಳೆದ ಮೇಲೂ ಈ ನದಿಯ ದಡದ ಹಳ್ಳಿಗಳಲ್ಲಿ ಮಲೇರಿಯಾ ಬಿಡದೆ ನಿಂತಿದ್ದಿತು. ನದಿಯಿಂದ ದೂರದ ಊರುಗಳು ರೋಗದಿಂದ ಮುಕ್ತವಾದರೂ ದಡದ ಊರುಗಳು ಆಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ವಿಜ್ಞಾನಿಗಳು ಇಲ್ಲಿ ಕ್ಷೇತ್ರಾಧ್ಯಯನ ನಡೆಸಿ 1984ರಲ್ಲಿ ಪ್ರಕಟಿಸಿದರು. ಡಾ. ರೇಚಲ್ ರೂಬೆನ್ ಆ ತಂಡದಲ್ಲಿದ್ದರು. ಅವರು ಅದಕ್ಕೂ ಮೊದಲು ಉತ್ತರ ಆರ್ಕಾಟಿನ ಸೊಳ್ಳೆಗಳನ್ನು ಕುರಿತ ಅಧ್ಯಯನಗಳಿಂದ ಹೆಸರಾಗಿದ್ದರು. ಮುಂದೆ ಮದುರೆಯ ವೈದ್ಯಕೀಯ ಕೀಟಶಾಸ್ತ್ರ ಕೇಂದ್ರದ ನಿರ್ದೇಶಕರಾದರು.

ಆ ತಂಡವು ಮುಖ್ಯವಾಗಿ ಕೇಳಿದ ಪ್ರಶ್ನೆಗಳು ಸರಳ: ಸೊಳ್ಳೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಕೂರುತ್ತದೆ, ಯಾವುದರ ಜೊಲ್ಲುಗ್ರಂಥಿಯಲ್ಲಿ ರೋಗಾಣುವಿದೆ. ನದಿ ಹರಿಯುವುದು ನಿಂತಾಗ ಮರಳಿನಲ್ಲಿ ಉಳಿಯುವ ಗುಂಡಿಗಳೇ ಕ್ಯುಲಿಸಿಫೇಸಿಸ್‌ನ ತವರು. ಪ್ರವಾಹ ಬಂದರೆ ಮರಿಗಳು ಕೊಚ್ಚಿಹೋಗುತ್ತವೆ. ನೀರು ಇಳಿದರೆ ಮತ್ತೆ ಸಾವಿರ ಗುಂಡಿಗಳು. ಮೈಲಿಗಟ್ಟಲೆ ಹಬ್ಬಿದ ನದಿಪಾತ್ರದಲ್ಲಿ ಮರಿಗಳನ್ನು ಕೊಲ್ಲುವ ಮಾತು ಹಾಗಿರಲಿ, ಗುಂಡಿಗಳನ್ನು ಎಣಿಸುವುದೂ ಆಗದ ಕೆಲಸ.

ಇಂಥ ಅಧ್ಯಯನದ ವಿಧಾನವನ್ನು ತಿಳಿದರೆ ‘ಸೊಳ್ಳೆ ಎಲ್ಲಿ ಕೂರುತ್ತದೆ’ ಎಂಬುದರ ಮಹತ್ವ ಸ್ಪಷ್ಟವಾಗುತ್ತದೆ. ಬೆಳಗಿನ ಜಾವ ಟಾರ್ಚು ಮತ್ತು ಬಾಯಿಯಿಂದ ಎಳೆಯುವ ಗಾಜಿನ ಕೊಳವೆ ಹಿಡಿದ ಕೀಟಸಂಗ್ರಾಹಕನು ಮನೆಯ ಮೂಲೆಮೂಲೆ ತಡಕುತ್ತಾನೆ. ಹಿಡಿದ ಹೆಣ್ಣುಗಳನ್ನು ಹೊಟ್ಟೆ ನೋಡಿ ವಿಂಗಡಿಸುತ್ತಾನೆ: ಖಾಲಿ ಹೊಟ್ಟೆಯವು, ಹೊಸ ರಕ್ತದಿಂದ ಕೆಂಪಾದವು, ಅರ್ಧ ಬಲಿತ ಮೊಟ್ಟೆಯವು, ಪೂರ್ತಿ ಬಲಿತವು. ಸಿಂಪರಣೆಯಿಲ್ಲದ ಮನೆಯಲ್ಲಿ ಕೆಂಪು ಹೊಟ್ಟೆಯವೂ ಮೊಟ್ಟೆ ಬಲಿತವೂ ಹೆಚ್ಚುಕಡಿಮೆ ಸಮವಾಗಿರುತ್ತವೆ. ರಕ್ತ ಕುಡಿದದ್ದು ಅಲ್ಲಿಯೇ ಕೂತು ಮೊಟ್ಟೆ ಬಲಿಸಿಕೊಳ್ಳುತ್ತದಲ್ಲವೆ? ಕೆಂಪು ಹೊಟ್ಟೆಯವು ಮಾತ್ರ ಇದ್ದು ಬಲಿತ ಮೊಟ್ಟೆಯವು ಕಾಣದಿದ್ದರೆ ಎರಡೇ ಅರ್ಥ: ಅವು ಸತ್ತಿವೆ, ಇಲ್ಲವೇ ಹೊರಗೆ ಹೋಗಿವೆ. ಯಾವುದೆಂದು ತಿಳಿಯಲು ಕಿಟಕಿಗೆ ಬಲೆಯ ಪಂಜರ ಕಟ್ಟಿ, ಹೊರಹೋಗುವ ಸೊಳ್ಳೆಯನ್ನು ಹಿಡಿದು, ಅದು ಮರುದಿನ ಬದುಕಿದೆಯೇ ಎಂದು ನೋಡುತ್ತಾರೆ. ಪತ್ತೆದಾರಿಕೆಯ ಕೆಲಸವಿದು.

ಡಿ.ಡಿ.ಟಿ.ಯ ವಿಷಯದಲ್ಲಿ ‘ಹೊರಗೆ ಹೋಗಿವೆ’ ಎಂಬ ಉತ್ತರ ಮೇಲಿಂದ ಮೇಲೆ ಬಂದಿತು. ಡಿ.ಡಿ.ಟಿ. ಬರಿಯ ವಿಷವಲ್ಲ, ಕೆರಳಿಸುವ ವಸ್ತುವೂ ಹೌದು. ಕಾಲಿಗೆ ತಗುಲಿದೊಡನೆ ಸೊಳ್ಳೆ ಚಡಪಡಿಸಿ, ಸಾಯುವಷ್ಟು ಪ್ರಮಾಣ ಮೈಗೆ ಸೇರುವ ಮೊದಲೇ ಎದ್ದು ಹಾರಿಬಿಡುತ್ತದೆ. ಮನೆಯವರಿಗೆ ಇದರಿಂದ ಸ್ವಲ್ಪ ನೆಮ್ಮದಿ. ರೋಗದ ಸರಪಣಿ ಮಾತ್ರ ಪೂರ್ತಿ ತುಂಡಾಗದು. ಇಂದು ಬಳಸುವ ಪೈರೆತ್ರಾಯ್ಡ್ ಗುಂಪಿನ ಔಷಧಿಗಳಿಗೂ ಈ ಗುಣ ಒಂದಿಷ್ಟು ಇದೆ, ಮ್ಯಾಲಥಿಯಾನಿಗೆ ಕಡಿಮೆ. ಮ್ಯಾಲಥಿಯಾನಿನ ವಾಸನೆ ಮನುಷ್ಯರನ್ನೇ ಹೊರಗೆ ಓಡಿಸುವಂಥದು. ಚದರ ಮೀಟರಿಗೆ 2 ಗ್ರಾಂ ಬೇಕು, ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಡಿ.ಡಿ.ಟಿ. 1 ಗ್ರಾಂ ಸಾಕು. ಡೆಲ್ಟಾಮೆಥ್ರಿನ್ ಒಂದು ಗ್ರಾಮಿನ ಐವತ್ತನೆಯ ಒಂದು ಭಾಗ.

ಕೆರಳುವುದು ಒಂದು, ವಿಷವನ್ನು ಗೆಲ್ಲುವುದು ಮತ್ತೊಂದು. 1950ರ ದಶಕದಲ್ಲಿಯೇ ಕಡಯಂಪಟ್ಟಿಗೆ ದೂರವಲ್ಲದ ಈರೋಡಿನಲ್ಲಿ ಸ್ಟೀಫೆನ್ಸೈ ಸೊಳ್ಳೆಯ ಮರಿಗಳು ಡಿ.ಡಿ.ಟಿ.ಗೆ ಬಗ್ಗದಿರುವುದು ವರದಿಯಾಯಿತು. 1959ರಲ್ಲಿ ಗುಜರಾತಿನ ಪಂಚಮಹಲಿನಲ್ಲಿ ಕ್ಯುಲಿಸಿಫೇಸಿಸ್ ಬಗ್ಗಲಿಲ್ಲ. ಇಲ್ಲಿ ಸೊಳ್ಳೆ ‘ಕಲಿತುಕೊಂಡಿತು’ ಎನ್ನುವುದು ಮಾತಿನ ಸೊಗಸಿಗೆ ಮಾತ್ರ. ಯಾವ ಸೊಳ್ಳೆಯೂ ಕಲಿಯಲಿಲ್ಲ. ಮೊದಲೇ ಬಲವಾಗಿದ್ದ ಬೆರಳೆಣಿಕೆಯವು ಉಳಿದು, ಅವುಗಳ ಸಂತಾನವೇ ಊರು ತುಂಬಿತು. ಒಕ್ಕಲುಮಕ್ಕಳಿಗೆ ಇದು ಹೊಸದಲ್ಲ. ಹತ್ತಿಯ ಹುಳುವಿನಲ್ಲಿ ಅವರು ಇದೇ ನಾಟಕವನ್ನು ಕಂಡಿದ್ದಾರೆ. ಹೊಲಕ್ಕೆ ಹೊಡೆದ ಕೀಟನಾಶಕವೇ ಗುಂಡಿಯ ನೀರಿಗೆ ಇಳಿದು ಸೊಳ್ಳೆಯ ಮರಿಗೆ ಮುಂಚಿತವಾಗಿ ತರಬೇತಿ ಕೊಟ್ಟದ್ದೂ ಉಂಟು.

ಕಚ್ಚುವ ಹೊತ್ತು

ಮನೆಯೊಳಗೆ ಕೂರುವ ಸೊಳ್ಳೆಗೆ ಸಾವು, ಹೊರಗೆ ಕೂರುವುದಕ್ಕೆ ಬದುಕು ಎಂಬ ನಿಯಮವನ್ನು ವರ್ಷಗಟ್ಟಲೆ ನಡೆಸಿದರೆ ಏನಾಗಬಹುದು? ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳು ಇದಕ್ಕೆ ಹೆಸರಾದ ಉದಾಹರಣೆ. ಅಲ್ಲಿನ ಅನಾಫಿಲಿಸ್ ಫರೌಟಿ ರಾತ್ರಿಯಿಡೀ ಮನೆಯ ಒಳಗೂ ಹೊರಗೂ ಕಚ್ಚುತ್ತಿದ್ದ ಸೊಳ್ಳೆ. ಡಿ.ಡಿ.ಟಿ. ಸಿಂಪರಣೆ ನಡೆದ ಮೇಲೆ ಅದು ಸಂಜೆಯ ಮೊದಲ ಗಂಟೆಗಳಲ್ಲಿ, ಜನ ಅಂಗಳದಲ್ಲಿರುವಾಗಲೇ, ಹೊರಗೆ ಕಚ್ಚತೊಡಗಿತು. ಆಫ್ರಿಕದ ಬೆನಿನ್ ಮತ್ತು ಸೆನೆಗಲ್ ದೇಶಗಳಲ್ಲಿ, ಎಲ್ಲರಿಗೂ ಔಷಧಿಯ ಸೊಳ್ಳೆಪರದೆ ಹಂಚಿದ ಬಳಿಕ, ಅನಾಫಿಲಿಸ್ ಫುನೆಸ್ಟಸ್ ಬೆಳಗಾದ ಮೇಲೂ, ಜನ ಪರದೆಯಿಂದ ಹೊರಬಂದ ಹೊತ್ತಿನಲ್ಲಿ ಕಚ್ಚುವುದನ್ನು ಸಂಶೋಧಕರು ದಾಖಲಿಸಿದರು. ನೈಜೀರಿಯದ ಗಾರ್ಕಿಯಲ್ಲಿ 1969ರಿಂದ 1976ರವರೆಗೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ದೊಡ್ಡ ಪ್ರಯೋಗದಲ್ಲಿ, ಪ್ರೊಪಾಕ್ಸರ್ ಎಂಬ ಪ್ರಬಲ ಔಷಧಿಯನ್ನು ಕಟ್ಟುನಿಟ್ಟಾಗಿ ಸಿಂಪಡಿಸಿದರೂ ಮಲೇರಿಯಾ ನಿಲ್ಲಲಿಲ್ಲ. ಒಂದೇ ಊರಿನ ಒಂದೇ ಜಾತಿಯ ಸೊಳ್ಳೆಗಳಲ್ಲಿಯೂ ಕೆಲವು ಹುಟ್ಟಿನಿಂದಲೇ ಹೊರಗೆ ಕೂರುವ ಒಲವಿನವು, ಕೆಲವು ಒಳಗೆ ಕೂರುವವು ಎಂಬುದು ಅಲ್ಲಿ ಬೆಳಕಿಗೆ ಬಂದಿತು.

ನಮ್ಮ ಕ್ಯುಲಿಸಿಫೇಸಿಸ್ ಹೀಗೆ ಬದಲಾಯಿತೆಂದು ಹೇಳಿಬಿಡುವುದು ದುಡುಕು. ಅದು ಮೊದಲಿನಿಂದಲೂ ಒಳಗೂ ಹೊರಗೂ ಕಚ್ಚುವ ಸೊಳ್ಳೆ. ರಾತ್ರಿಯ ಮೊದಲರ್ಧದಲ್ಲಿ ಅದರ ಚಟುವಟಿಕೆ ಹೆಚ್ಚು, ಚಳಿಗಾಲದಲ್ಲಿ ಇನ್ನೂ ಬೇಗ. ನಿಜವಾಗಿ ಬದಲಾಗುವವರು ಮನುಷ್ಯರು. ಬೇಸಗೆಯಲ್ಲಿ ಜಗುಲಿಯ ಮೇಲೆ, ಅಂಗಳದ ಹಗ್ಗದ ಮಂಚದಲ್ಲಿ, ಕಣದಲ್ಲಿ ಮಲಗುವ ರೂಢಿ ಸೇಲಂ ಸೀಮೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಗೋಡೆಗೆ ಔಷಧಿ ಹೊಡೆದು ಅಂಗಳದಲ್ಲಿ ಮಲಗಿದವನ ಮನೆಯ ಗೋಡೆ ಯಾರನ್ನು ಕಾಯುತ್ತಿದೆ? ಪಕ್ಕದಲ್ಲಿ ಕಟ್ಟಿದ ಎಮ್ಮೆಯೂ ಕೆಲವೊಮ್ಮೆ ಕಾಪಾಡುತ್ತದೆ, ಕೆಲವೊಮ್ಮೆ ಸೊಳ್ಳೆಯನ್ನು ಮನೆಯ ಹತ್ತಿರ ಕರೆತರುತ್ತದೆ. ಈ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಸಂಜೆಯ ಪಾಠವನ್ನು ಜಗುಲಿಯ ದೀಪದಡಿಯಲ್ಲಿ ಓದುವ ಮಗುವಿಗೆ ಉದ್ದ ತೋಳಿನ ಅಂಗಿ, ಎಲ್ಲಿ ಮಲಗಿದರೂ ಅಲ್ಲಿಗೇ ಕಟ್ಟಿದ ಸೊಳ್ಳೆಪರದೆ: ಗೋಡೆಯ ಔಷಧಿ ತಲುಪದ ಜಾಗಕ್ಕೆ ಇವು ತಲುಪುತ್ತವೆ.

ರೇಷ್ಮೆಹುಳುವಿನ ಮನೆ

ಈ ಸೀಮೆಯಲ್ಲಿ ಸಿಂಪರಣೆಗೆ ಬಾಗಿಲು ತೆರೆಯದ ಮನೆಗಳಿಗೆ ಅತ್ಯಂತ ನ್ಯಾಯವಾದ ಕಾರಣವೊಂದಿದ್ದಿತು. ಧರ್ಮಪುರಿ, ಕೃಷ್ಣಗಿರಿ, ಆಚೆಗೆ ಕೋಲಾರ, ರಾಮನಗರಗಳು ಹಿಪ್ಪುನೇರಳೆಯ ನಾಡು. ಹಿಂದೆ ಬಹುಪಾಲು ಕುಟುಂಬಗಳು ವಾಸದ ಮನೆಯಲ್ಲಿಯೇ ಹುಳು ಸಾಕುತ್ತಿದ್ದವು. ಸೊಳ್ಳೆಯನ್ನು ಕೊಲ್ಲುವ ಔಷಧಿಯ ಲವಲೇಶ ಸೊಪ್ಪಿಗೆ ತಗುಲಿದರೂ ರೇಷ್ಮೆಹುಳು ಸಾಯುತ್ತದೆ. ತಿಂಗಳ ದುಡಿಮೆ, ಮಗನ ಶಾಲೆಯ ಫೀಸು, ಸಾಲದ ಕಂತು ಎಲ್ಲವೂ ಆ ತಟ್ಟೆಗಳಲ್ಲಿರುವಾಗ, ಬಾರದಿರಬಹುದಾದ ಜ್ವರಕ್ಕೆ ಹೆದರಿ ಖಂಡಿತ ಸಾಯುವ ಹುಳುವನ್ನು ಬಲಿಕೊಡುವುದಕ್ಕೆ ಯಾವ ಗೃಹಿಣಿ ಒಪ್ಪುವಳು? ಇವರನ್ನು ಮೂಢರೆಂದು ಬರೆದ ವರದಿಗಳು ಲೆಕ್ಕವನ್ನು ಸರಿಯಾಗಿ ಮಾಡಿರಲಿಲ್ಲ.

ಇದಕ್ಕೆ ಉತ್ತರ ಬಂದುದು ಗಡಿಯ ಆಚೆಯ ಕೋಲಾರ ಜಿಲ್ಲೆಯಿಂದ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರಂ ಪ್ರದೇಶದ ಹಳ್ಳಿಗಳು ಕೃಷ್ಣಗಿರಿಗೆ ತಾಗಿಕೊಂಡಂತಿವೆ. 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದ ಬೆಂಗಳೂರು ಘಟಕದ ಡಾ. ಎಸ್. ಕೆ. ಘೋಷ್ ಮತ್ತು ಸಂಗಡಿಗರು ಗೋಡೆಯನ್ನು ಬಿಟ್ಟು ನೀರಿನ ಕಡೆಗೆ ತಿರುಗಿದರು. ಬಾವಿಗಳಿಗೆ ಗಪ್ಪಿ ಮೀನು, ಕೆರೆಕುಂಟೆಗಳಿಗೆ ಗ್ಯಾಂಬೂಸಿಯಾ ಮೀನು ಬಿಟ್ಟರು. ಸೊಳ್ಳೆಮರಿಗಳೇ ಇವುಗಳ ಮೆಚ್ಚಿನ ತಿನಿಸು. ಮೀನು ಬಿಟ್ಟ ಹಳ್ಳಿಗಳಲ್ಲಿ ಮರಿಗಳೂ, ಅವುಗಳ ಹಿಂದೆಯೇ ಜ್ವರವೂ ಇಳಿದವು. 2005ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಇನ್ನೂ ಸೊಗಸಾದ ಸಂಗತಿಯಿದೆ. ಬಾವಿಯಲ್ಲಿ ಹುಟ್ಟುತ್ತಿದ್ದುದು ಮುಖ್ಯವಾಗಿ ಅಪಾಯಕಾರಿಯಾದ ‘ಎ’. ಹಳ್ಳಗಳಲ್ಲಿ ಹುಟ್ಟುತ್ತಿದ್ದುದು ಬಹುಮಟ್ಟಿಗೆ ನಿರಪಾಯದ ‘ಬಿ’. ಎಲ್ಲ ನೀರನ್ನೂ ಬೆನ್ನಟ್ಟುವ ಅಗತ್ಯವಿರಲಿಲ್ಲ. ಎಣಿಸಲು ಬರುವ ಬಾವಿಗಳಿಗೆ ಎಣಿಸಿ ಮೀನು ಬಿಟ್ಟರೆ ಪೆಟ್ಟು ಬೀಳುವುದು ಬೇಕಾದ ಸೊಳ್ಳೆಗೇ. ವರ್ಣತಂತುವಿನ ಪಟ್ಟೆಗಳನ್ನು ಓದುವ ಪ್ರಯೋಗಾಲಯದ ವಿದ್ಯೆ ಹಳ್ಳಿಯ ಬಾವಿಕಟ್ಟೆಗೆ ಬಂದು ಫಲ ಕೊಟ್ಟ ಅಪರೂಪದ ನಿದರ್ಶನವಿದು. ಮಣ್ಣಗೋಡೆ ಹೀರಿಕೊಂಡಿತೆಂಬ ಚಿಂತೆಯಿಲ್ಲ, ಹಬ್ಬಕ್ಕೆ ಸುಣ್ಣ ಬಳಿಯಬಹುದು, ಹುಳುವೂ ಕ್ಷೇಮ.

ತೆನ್‌ಪೆಣ್ಣೈಯ ಮರಳುಗುಂಡಿಗಳಿಗೆ ಈ ಉಪಾಯ ನಾಟುವುದಿಲ್ಲ; ನಾಲ್ಕು ದಿನದಲ್ಲಿ ಬತ್ತುವ ಗುಂಡಿಯಲ್ಲಿ ಮೀನು ಬದುಕದು. ಗ್ಯಾಂಬೂಸಿಯಾ ಕೂಡ ನಿರ್ದೋಷಿಯಲ್ಲ. 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಈ ಅಮೆರಿಕದ ಮೀನು ಸ್ಥಳೀಯ ಮೀನುಗಳ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಮುಚ್ಚಿದ ಬಾವಿಗೂ ಹರಿಯುವ ಹೊಳೆಗೂ ವ್ಯತ್ಯಾಸವನ್ನು ಕಾಣದೆ ಎಲ್ಲೆಡೆ ಸುರಿದದ್ದು ಜಾಣತನವಾಗಿರಲಿಲ್ಲ.

ಇಂದು ಸೇಲಂ, ಧರ್ಮಪುರಿಗಳಲ್ಲಿ ಮಲೇರಿಯಾ ವಿರಳ. ತಮಿಳುನಾಡಿನ ಪ್ರಕರಣಗಳಲ್ಲಿ ಬಹುಪಾಲು ಬಹಳ ವರ್ಷಗಳಿಂದ ಚೆನ್ನೈ ನಗರದ್ದೇ. 2030ರೊಳಗೆ ದೇಶವನ್ನು ಮಲೇರಿಯಾಮುಕ್ತಗೊಳಿಸುವ ಗುರಿಯನ್ನು 2016ರಲ್ಲಿ ಸರ್ಕಾರ ಘೋಷಿಸಿದೆ. ಪ್ರಕರಣ ಕಡಿಮೆಯಾದಷ್ಟೂ ಸಂಶಯವೂ ಕಡಿಮೆಯಾಗುತ್ತದೆ ಎಂಬುದೇ ಈಗಿನ ತೊಡಕು. ಹೊರರಾಜ್ಯದ ಕೆಲಸದಿಂದ ಮರಳಿದ ತಂದೆಗೆ ದಿನ ಬಿಟ್ಟು ದಿನ ನಡುಕದ ಜ್ವರ ಬಂದಾಗ ಮನೆಯವರೂ ಔಷಧಿ ಅಂಗಡಿಯವರೂ ಬೇರೆ ಏನನ್ನೋ ನೆನೆಯುತ್ತಾರೆ. ರಕ್ತಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ವೈವಾಕ್ಸ್ ಬಗೆಯ ಮಲೇರಿಯಾ ಎಂದು ತಿಳಿದರೆ, ಯಕೃತ್ತಿನಲ್ಲಿ ಅಡಗಿ ಕುಳಿತ ರೋಗಾಣುವಿಗಾಗಿ 14 ದಿನ ಪ್ರೈಮಾಕ್ವಿನ್ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಮುಗಿಸಬೇಕು. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಅದನ್ನು ಕೊಡುವುದಿಲ್ಲ. ಮೂರನೆಯ ದಿನ ಜ್ವರ ಬಿಟ್ಟಿತೆಂದು ಮಾತ್ರೆಯನ್ನೂ ಬಿಟ್ಟವರಿಗೆ ಕೆಲವು ತಿಂಗಳ ಬಳಿಕ, ಯಾವ ಸೊಳ್ಳೆಯೂ ಕಚ್ಚದೆ, ಅದೇ ಜ್ವರ ಮರಳುತ್ತದೆ. ಅಷ್ಟರಲ್ಲಿ ಊರಿನ ಸೊಳ್ಳೆಗೆ ರೋಗಾಣು ದೊರೆತಿರುತ್ತದೆ.

ಆ ಊರಿನ ಸೊಳ್ಳೆಯೂ ಬದಲಾಗುತ್ತಿದೆ. ಕೊಳವೆಬಾವಿಗಳು ಬಂದ ಮೇಲೆ ಕಡಯಂಪಟ್ಟಿಯ ಸುತ್ತಿನಂಥ ಹಳ್ಳಿಗಳಲ್ಲಿ ತೆರೆದ ಬಾವಿಗಳು ಬತ್ತಿ ಪಾಳುಬೀಳುತ್ತಿವೆ. ಅವುಗಳ ಬದಲಿಗೆ ಪ್ರತಿ ಮನೆಯ ತಾರಸಿಯ ಮೇಲೂ ಕಪ್ಪು ಪ್ಲಾಸ್ಟಿಕ್ ತೊಟ್ಟಿ. ಪಟ್ಟಣದ ಸ್ಟೀಫೆನ್ಸೈಗೆ ತಕ್ಕ ತವರು ಅದು. ಇದೇ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲೂ ನಂತರ ಇಥಿಯೋಪಿಯದಲ್ಲೂ ಕಾಣಿಸಿಕೊಂಡು ಆ ಖಂಡದ ನಗರಗಳನ್ನು ಚಿಂತೆಗೀಡುಮಾಡಿದೆ. ಗೋಡೆಯ ಔಷಧಿಗೆ ಅದು ಹೆಚ್ಚು ಸಿಕ್ಕುವುದಿಲ್ಲ. ತೊಟ್ಟಿಗೆ ಬಿಗಿಯಾದ ಮುಚ್ಚಳವಿದ್ದರೆ ಒಳಗೆ ಹೋಗಲಾರದು. ಗಾಳಿಗೆ ಹಾರಿಹೋದ ಮುಚ್ಚಳದ ಜಾಗದಲ್ಲಿ ಕಲ್ಲು ಹೇರಿದ ತಗಡನ್ನೋ ಹಳೆಯ ಗೋಣಿಯನ್ನೋ ಹೊದಿಸಿದ ತೊಟ್ಟಿಗಳು ಯಾವ ಬೀದಿಯ ತಾರಸಿ ಹತ್ತಿ ನೋಡಿದರೂ ಒಂದೆರಡು ಕಾಣಸಿಗುತ್ತವೆ.